ಸೊಂಟಕ್ಕೆ ಕಟ್ಟುವ ಪೈ ಕಂಪ್ಯೂಟರ್ ಮಳೆಕೊಪ್ಪೆಯೊಳಗೆ ಬಿಸಿಯೇರಿ ನಿಲ್ಲುತ್ತಿದೆ, ಬಿಸಿ ಹೊರಹಾಕುವುದು ಹೇಗೆ?

ಹಾಲುವಾಣ (ಸುಂಟಿಕೊಪ್ಪ)

ಬೋರರ್ ಟ್ರೇಸಿಂಗ್‌ಗೆಂದು (ಕಾಂಡಕೊರಕ ಹುಳು ಹೊಕ್ಕ ಕಾಫಿ ಗಿಡ ಹುಡುಕಲು) ಸೊಂಟಕ್ಕೆ ಕಟ್ಟುವ ಕಂಪ್ಯೂಟರ್ ಒಂದನ್ನು ಮನೆಯಲ್ಲೇ ಜೋಡಿಸಿದ್ದೇನೆ. ಅರೇಬಿಕಾ ಸಾಲಿನಲ್ಲಿ ಬಿಳಿ ಕಾಂಡಕೊರಕ ಹೊಕ್ಕ ಗಿಡ ಸಿಕ್ಕರೆ ಗುಂಡಿ ಒತ್ತಬೇಕು; ಫೋಟೋ, ಜಿಪಿಎಸ್ ಜಾಗ, ಸಾಲಿನ ನಂಬರ್ ದಾಖಲಾಗಬೇಕು. ಈ ಕೊರಕದ ದುಂಬಿ ಹಾರುವ ಅಕ್ಟೋಬರ್-ಡಿಸೆಂಬರ್‌ಗೆ ಮೊದಲೇ ಟ್ರೇಸಿಂಗ್ ಮುಗಿಯಬೇಕಾದ್ದರಿಂದ ಸೆಪ್ಟೆಂಬರಿನ ಮಳೆಯಲ್ಲೂ ಇದು ಓಡಲೇಬೇಕು.

ಒಳಗಿರುವುದು: ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯು (ಒಂದೇ ಪುಟ್ಟ ಬೋರ್ಡಿನ ಕಂಪ್ಯೂಟರ್), ಎದೆಯ ಪಟ್ಟಿಗೆ ಕ್ಯಾಮೆರಾ ಮಾಡ್ಯೂಲ್ 2, ನಿಯೋ-6ಎಂ ಜಿಪಿಎಸ್, ಮಣಿಕಟ್ಟಿಗೆ 0.96 ಇಂಚಿನ ಒಎಲ್‌ಇಡಿ ಪರದೆ, ಬ್ಲೂಟೂತ್ ಇಯರ್‌ಫೋನ್. 2600 ಎಂಎಎಚ್‌ನ ಎರಡು 18650 ಲಿಥಿಯಂ ಸೆಲ್ ಪ್ಯಾರಲಲ್‌ನಲ್ಲಿ, ಚಾರ್ಜಿಗೆ ಟಿಪಿ4056, ಸೆಲ್ಲಿನ ವೋಲ್ಟೇಜನ್ನು 5ಕ್ಕೆ ಏರಿಸಲು ಎಂಟಿ3608 ಬೂಸ್ಟ್ ಮಾಡ್ಯೂಲ್. ಎಲ್ಲವೂ 120 × 80 × 35 ಮಿ.ಮೀ. ಅಳತೆಯ ಪಿಎಲ್‌ಎ (3ಡಿ ಮುದ್ರಣದ ಪ್ಲಾಸ್ಟಿಕ್) ಪೆಟ್ಟಿಗೆಯಲ್ಲಿ, ಮಳೆಗೆ ಸಿಲಿಕಾನ್ ಬಳಿದು ಪೂರ್ತಿ ಮುಚ್ಚಿದೆ. ಚಿಪ್ ಮೇಲೆ 14 ಮಿ.ಮೀ. ಅಂಟಿಸುವ ಹೀಟ್‌ಸಿಂಕ್ (ಬಿಸಿ ಹರಡುವ ಲೋಹದ ತುಂಡು) ಇದೆ. ಕ್ಯಾಮೆರಾ ಸದಾ ವಿಡಿಯೊ ಮೋಡ್‌ನಲ್ಲಿದ್ದು, ಕಾಂಡದ ಉಬ್ಬುಗೆರೆ ಗುರುತಿಸುವ ಪ್ರೋಗ್ರಾಂ ನಾಲ್ಕೂ ಕೋರ್‌ನಲ್ಲಿ ಓಡುತ್ತದೆ.

ಜಗಲಿಯ ಮೇಲೆ ಇಟ್ಟಾಗ ಚಿಪ್ 60°ಸೆ ದಾಟುವುದಿಲ್ಲ. ಪ್ಲಾಸ್ಟಿಕ್ ಕೊಪ್ಪೆಯ ಒಳಗೆ ಕಟ್ಟಿಕೊಂಡು ನಡೆದರೆ 40 ನಿಮಿಷಕ್ಕೆ 82°ಸೆ, ವೇಗ ಇಳಿಯುತ್ತದೆ, ನಡುನಡುವೆ ತಾನಾಗಿಯೇ ರೀಬೂಟ್ ಆಗುತ್ತದೆ. ಮುಚ್ಚಳ ಸೊಟ್ಟಗಾಗಿದೆ. ಮೈಗೆ ತಾಗುವ ಬದಿಯಲ್ಲಿ ಕೈ ಇಟ್ಟುಕೊಳ್ಳಲಾಗುವುದಿಲ್ಲ. ವೋಲ್ಟೇಜ್ ಕಡಿಮೆಯಾಯಿತು ಎಂಬ ಸೂಚನೆ ಮಾತ್ರ ಒಮ್ಮೆಯೂ ಬಂದಿಲ್ಲ. 30 ಮಿ.ಮೀ. ಫ್ಯಾನ್ ಹಾಕಿದರೆ ಸಾಕೇ?

ಬೆಸುಗೆಕಡ್ಡಿ (ಕುಶಾಲನಗರ)

ಫ್ಯಾನ್ ಬೇಡ. ಮುಚ್ಚಿದ ಪೆಟ್ಟಿಗೆಯೊಳಗೆ ಅದು ಅದೇ ಬಿಸಿ ಗಾಳಿಯನ್ನು ಸುತ್ತಿಸುತ್ತದೆ, ಮೇಲಿಂದ ಅರ್ಧ ವ್ಯಾಟ್ ತಾನೂ ತಿನ್ನುತ್ತದೆ. ತೂತು ಕೊರೆದರೆ ಮಳೆ ಒಳಗೆ.

ನಿಮ್ಮಲ್ಲಿ ಎರಡು ತೊಂದರೆ ಒಂದರೊಳಗೊಂದು ಸೇರಿಕೊಂಡಿವೆ, ಮೊದಲು ಬೇರೆ ಮಾಡಿಕೊಳ್ಳಿ. ರೀಬೂಟ್ ಬಹುಮಟ್ಟಿಗೆ ಬಿಸಿಯಿಂದಲ್ಲ, ಕರೆಂಟ್ ಸಾಲದೆ. ವೋಲ್ಟೇಜ್ ಸೂಚನೆ ಬಂದಿಲ್ಲ ಅನ್ನುವುದನ್ನು ನಂಬಬೇಡಿ: ಪೈ ಝೀರೋ ಸಾಲಿನ ಬೋರ್ಡುಗಳಲ್ಲಿ ಕಡಿಮೆ ವೋಲ್ಟೇಜ್ ಪತ್ತೆ ಮಾಡುವ ಸರ್ಕ್ಯೂಟೇ ಇಲ್ಲ. ಪೈ 3, ಪೈ 4ರಲ್ಲಿ ಬರುವ ಎಚ್ಚರಿಕೆ ಇಲ್ಲಿ ಎಂದೂ ಬರುವುದಿಲ್ಲ. ಮಲ್ಟಿಮೀಟರ್‌ನ ಕೆಂಪು ಮೊನೆಯನ್ನು 2ನೇ ಪಿನ್ನಿಗೆ, ಕಪ್ಪನ್ನು 6ನೇ ಪಿನ್ನಿಗೆ ಹಿಡಿದು, ಕ್ಯಾಮೆರಾ ಮತ್ತು ನಾಲ್ಕು ಕೋರ್ ಓಡುವಾಗ ನೋಡಿ. 4.75 ವೋಲ್ಟ್‌ಗಿಂತ ಕೆಳಗೆ ಇಳಿದರೆ ಉತ್ತರ ಸಿಕ್ಕಿತು.

ಎಂಟಿ3608 ಮಾಡ್ಯೂಲ್ 2 ಆಂಪಿಯರ್‌ನದು ಎಂದು ಬರೆದಿರುವುದು ಎಲ್ಲ ಸ್ಥಿತಿಯಲ್ಲೂ ನಿಮಗೆ ಸಿಗುವ ಕರೆಂಟ್ ಅಲ್ಲ. ಸೆಲ್ 3.3 ವೋಲ್ಟ್‌ಗೆ ಇಳಿದಾಗ ಹೊರಗೆ 3.9 ವ್ಯಾಟ್ ಬೇಕಾದರೆ ಒಳಗೆ ಸುಮಾರು 1.4 ಆಂಪಿಯರ್ ಸರಾಸರಿ ಹರಿಯಬೇಕು. ಅದರ ಶಿಖರ ಇನ್ನೂ ಮೇಲೆ. ಬಿಸಿಯಾದಷ್ಟೂ ಕಾಯಿಲ್‌ನ ರೆಸಿಸ್ಟೆನ್ಸ್ ಏರುತ್ತದೆ, ನಷ್ಟ ಹೆಚ್ಚುತ್ತದೆ, ಮತ್ತಷ್ಟು ಬಿಸಿ. ಇನ್ನೊಂದು ಅಪಾಯ ಅದರ ನೀಲಿ ಟ್ರಿಮ್ಮರ್ (ವೋಲ್ಟೇಜ್ ಹೊಂದಿಸಲು ತಿರುಗಿಸುವ ರೆಸಿಸ್ಟರ್). ನಡೆಯುವ ಅದುರಿಗೆ ಅದರ ಒಳಗಿನ ಸಂಪರ್ಕ ತಪ್ಪಿದರೆ ಔಟ್‌ಪುಟ್ 28 ವೋಲ್ಟ್‌ವರೆಗೂ ಏರಬಲ್ಲದು, ಪೈ ಅಲ್ಲಿಗೆ ಮುಗಿಯಿತು. ಟ್ರಿಮ್ಮರ್ ಕಿತ್ತು 15 ಕಿಲೋ ಓಮ್ ಮತ್ತು 1.5 ಕಿಲೋ ಓಮ್ ಸರಣಿಯಲ್ಲಿ ಬೆಸೆಯಿರಿ. ಮಾಡ್ಯೂಲಿನಲ್ಲಿರುವ ಇನ್ನೊಂದು ರೆಸಿಸ್ಟರ್ 2.2 ಕಿಲೋ ಓಮ್ ಇದ್ದರೆ (ಅಳೆದು ಖಚಿತ ಮಾಡಿಕೊಳ್ಳಿ) 0.6 × (1 + 16.5 ÷ 2.2), ಅಂದರೆ ಸರಿಯಾಗಿ 5.1 ವೋಲ್ಟ್.

ಇನ್ನು ಬಿಸಿ. ಪೆಟ್ಟಿಗೆಯೊಳಗೆ ಹುಟ್ಟುವ ವ್ಯಾಟ್ ಎಣಿಸಿ. ಝೀರೋ 2 ನಾಲ್ಕೂ ಕೋರ್ ದುಡಿದಾಗ ಹತ್ತಿರ ಹತ್ತಿರ 2.7 ವ್ಯಾಟ್, ಕ್ಯಾಮೆರಾ ವಿಡಿಯೊ 1, ಜಿಪಿಎಸ್ 0.2, ಬೂಸ್ಟ್ ಮಾಡ್ಯೂಲಿನ ನಷ್ಟ ಅರ್ಧ ವ್ಯಾಟಿನ ಮೇಲೆ. ಒಟ್ಟು ನಾಲ್ಕೂವರೆಗೆ ಹತ್ತಿರ. ಇದರಲ್ಲಿ ಮೂರನೇ ಎರಡು ಪಾಲು ನಿಮಗೆ ಬೇಕಿಲ್ಲದ ಕೆಲಸಕ್ಕೆ ಹೋಗುತ್ತಿದೆ. ಗುರುತಿಸುವ ಪ್ರೋಗ್ರಾಂ ತೋಟದಲ್ಲಿ ಓಡಬೇಕಾಗಿಲ್ಲ. ಕಾಂಡ ಉಜ್ಜಿ ನೋಡುವವರ ಕಣ್ಣು ಅದಕ್ಕಿಂತ ಚುರುಕು. ಫೋಟೋ ಉಳಿಸಿಕೊಂಡು ರಾತ್ರಿ ಮನೆಯಲ್ಲಿ ಓಡಿಸಿ. ಕ್ಯಾಮೆರಾವನ್ನು ಗುಂಡಿ ಒತ್ತಿದಾಗ ಮಾತ್ರ ತೆರೆದು, ಫೋಟೋ ಆದ ಕೂಡಲೇ ಪ್ರೋಗ್ರಾಂನಿಂದಲೇ ಮುಚ್ಚಿ. ತೆರೆಯಲು ಒಂದೆರಡು ಸೆಕೆಂಡ್ ಹಿಡಿಯುತ್ತದೆ, ಅಷ್ಟು ಹೊತ್ತು ಕಾಂಡದ ಮುಂದೆ ನಿಲ್ಲುವುದು ಕಷ್ಟವಲ್ಲ. ಡೆಸ್ಕ್‌ಟಾಪ್ ಬಿಟ್ಟು ಕನ್ಸೋಲ್‌ಗೆ ಬೂಟ್ ಮಾಡಿ, ತೋಟದಲ್ಲಿ ವೈಫೈ ಆಫ್ ಮಾಡಿ, ಕರ್ನಲ್ ಸಾಲಿನಲ್ಲಿ (ಬೂಟ್ ಆಗುವಾಗ ಓದುವ ಸೆಟ್ಟಿಂಗ್) ಕೋರ್ ಮಿತಿಯನ್ನು 2ಕ್ಕೆ ಇಳಿಸಿ. ಚಿಪ್ಪಿನ ವೇಗ (ಹರ್ಟ್ಸ್) ಇಳಿಸುವುದರಿಂದ ಸಿಗುವ ಉಳಿತಾಯ ಸಣ್ಣದು; ಚಿಪ್ಪನ್ನು ಸುಮ್ಮನೆ ಕೂರಿಸುವುದರಲ್ಲೇ ನಿಜವಾದ ಉಳಿತಾಯ. ಇಷ್ಟಾದರೆ ಸರಾಸರಿ ಒಂದೂವರೆ ವ್ಯಾಟ್ ಒಳಗೆ ಬರುತ್ತದೆ.

ಶಾಖಲೆಕ್ಕ (ಮಡಿಕೇರಿ)

ಬೆಸುಗೆಕಡ್ಡಿಯವರು ಹೇಳಿದ್ದನ್ನು ಮೊದಲು ಮಾಡಿ. ಆಮೇಲೆ ಉಳಿದ ಒಂದೂವರೆ ವ್ಯಾಟ್‌ಗೆ ಹೊರಗೆ ಹೋಗಲು ದಾರಿ ಮಾಡಿಕೊಡಬೇಕು. ಈಗಿರುವ 14 ಮಿ.ಮೀ. ಹೀಟ್‌ಸಿಂಕ್ ಚಿಪ್ಪಿನ ಬಿಸಿಯನ್ನು ಪೆಟ್ಟಿಗೆಯ ಗಾಳಿಗೆ ಕೊಡುತ್ತದೆ, ಅಲ್ಲಿಗೆ ದಾರಿ ಕಡಿದುಹೋಗುತ್ತದೆ. ಪಿಎಲ್‌ಎ ಉಷ್ಣವಾಹಕತೆ 0.13, ಅಲ್ಯೂಮಿನಿಯಂನದು 200ರ ಮೇಲೆ. ಪಿಎಲ್‌ಎ 60°ಸೆ ಸುತ್ತಲೇ ಮೆತ್ತಗಾಗುವುದರಿಂದ ಮುಚ್ಚಳ ಸೊಟ್ಟಗಾದದ್ದು ಆಶ್ಚರ್ಯವಲ್ಲ.

ಹೊರಬದಿಯ ಮುಚ್ಚಳವನ್ನೇ 2 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪ್ಲೇಟು ಮಾಡಿ, 120 × 80. ಕಿಟಕಿ-ಪಾರ್ಟಿಶನ್ ಮಾಡುವ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ತುಂಡು ಸಿಗುತ್ತದೆ. ಪೈ ಬೋರ್ಡನ್ನು ಚಿಪ್ ಪ್ಲೇಟಿನ ಕಡೆ ಮುಖ ಮಾಡುವಂತೆ ಮಗುಚಿ, ಎಂ2.5 ಹಿತ್ತಾಳೆ ಸ್ಟ್ಯಾಂಡಾಫ್‌ನಲ್ಲಿ (ಬೋರ್ಡ್ ಎತ್ತಿ ಹಿಡಿಯುವ ಪುಟ್ಟ ಕಂಬ) ಕೂರಿಸಿ. ಬೋರ್ಡಿನ ಮಿನಿ ಎಚ್‌ಡಿಎಂಐ, ಯುಎಸ್‌ಬಿ ಕನೆಕ್ಟರ್‌ಗಳು ಚಿಪ್ಪಿಗಿಂತ ಎತ್ತರ, ಪ್ಲೇಟು ನೇರ ಚಿಪ್ಪಿಗೆ ತಾಗುವುದಿಲ್ಲ. ಹಾಗಾಗಿ ನಡುವೆ 15 × 15 ಮಿ.ಮೀ. ಅಲ್ಯೂಮಿನಿಯಂ ತುಂಡೊಂದನ್ನು ಕಾಲು ಕೊಟ್ಟಂತೆ ನಿಲ್ಲಿಸಿ, ತುಂಡಿನ ಚಿಪ್ ಬದಿಗೆ 1 ಮಿ.ಮೀ. ಥರ್ಮಲ್ ಪ್ಯಾಡ್, ಪ್ಲೇಟಿನ ಬದಿಗೆ ತೆಳು ಪೇಸ್ಟ್ ಹಚ್ಚಿ ಸ್ಕ್ರೂ ಬಿಗಿಯಿರಿ. ಪ್ಯಾಡ್ ನಾಲ್ಕನೇ ಒಂದು ಭಾಗ ಅದುಮಿದರೆ ಸಾಕು. ಹೆಚ್ಚು ಅದುಮಿದರೆ ಬೋರ್ಡ್ ಬಿಲ್ಲಿನಂತೆ ಬಾಗಿ ಚಿಪ್ಪಿನ ತಳದ ಬೆಸುಗೆ ಬಿರುಕು ಬಿಡುತ್ತದೆ. ಕೆಂಪು ಸಿಲಿಕಾನ್ ಅಂಟನ್ನು ಪ್ಯಾಡಿನ ಬದಲು ಬಳಸಬೇಡಿ. ಪಿನ್ ಮೊನೆಗಳು ಪ್ಲೇಟಿಗೆ ತಾಗದಂತೆ ಕ್ಯಾಪ್ಟಾನ್ ಟೇಪ್ (ಶಾಖ ತಡೆಯುವ ಇನ್ಸುಲೇಶನ್ ಟೇಪ್) ಹಾಕಿ. ಬೋರ್ಡಿನ ಅಂಚಿನಲ್ಲಿ ಕಾಣುವ ಪುಟ್ಟ ತ್ರಿಕೋನವೇ ಆಂಟೆನಾ. ಅದರ ಎದುರಿಗೆ ಲೋಹ ಬಂದರೆ ಬ್ಲೂಟೂತ್ ತುಂಡರಿಸುತ್ತದೆ, ಆದ್ದರಿಂದ ಆ ಅಂಚಿನಲ್ಲಿ ಪ್ಲೇಟನ್ನು 15 ಮಿ.ಮೀ. ಕತ್ತರಿಸಿ, ಆ ಭಾಗವನ್ನು ಪ್ಲಾಸ್ಟಿಕ್ ಆಗಿಯೇ ಬಿಡಿ.

ಈಗ ಲೆಕ್ಕ. ನಿಂತ ಗಾಳಿಯಲ್ಲಿ, ಬಣ್ಣ ಬಳಿದ ಮೇಲ್ಮೈ ಚದರ ಮೀಟರಿಗೆ ಒಂದು ಡಿಗ್ರಿಗೆ ಸುಮಾರು 10 ವ್ಯಾಟ್ ಬಿಡುತ್ತದೆ. ನಿಮ್ಮ ಪ್ಲೇಟು 0.0096 ಚದರ ಮೀಟರ್. ನಾಲ್ಕೂವರೆ ವ್ಯಾಟ್ ಆದರೆ 47 ಡಿಗ್ರಿ ಏರಿಕೆ, ಒಂದೂವರೆ ಆದರೆ 16. ನಡೆಯುವಾಗ ಗಾಳಿ ಸಿಕ್ಕಿದರೆ ಆ 10 ಎನ್ನುವುದು 15 ಆಗುತ್ತದೆ, ಏರಿಕೆ 10-11ಕ್ಕೆ ಇಳಿಯುತ್ತದೆ. 22°ಸೆ ಹವೆಯಲ್ಲಿ ಪ್ಲೇಟು 33. ಮೈಯ ತೊಗಲಿನಷ್ಟೇ ಬಿಸಿ. ಮಡಿಕೇರಿ ಎತ್ತರಕ್ಕೆ ಗಾಳಿ ಸ್ವಲ್ಪ ತೆಳು, ಆದರೆ ಲೆಕ್ಕ ಬದಲಾಗುವಷ್ಟಲ್ಲ.

ಅದೇ ಪ್ಲೇಟು ಕೊಪ್ಪೆಯೊಳಗೆ ಇದ್ದರೆ? ಗಾಳಿ ಅಲುಗುವುದಿಲ್ಲ, ಒಳಗಿನ ಹವೆ ಮೈಶಾಖಕ್ಕೇ 30 ದಾಟಿರುತ್ತದೆ, ಆ 10 ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಬೆಲ್ಟನ್ನು ಕೊಪ್ಪೆಯ ಮೇಲೆ ಕಟ್ಟಿ. ಪ್ಲೇಟಿನ ಮೇಲೆ ಹರಿಯುವ ಮಳೆನೀರಿಗಿಂತ ಒಳ್ಳೆಯ ಹೀಟ್‌ಸಿಂಕ್ ಕೊಡಗಿನಲ್ಲಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಬಣ್ಣದ ಬಗ್ಗೆ ಒಂದು ಮಾತು, ಇದನ್ನು ಬಹಳ ಜನ ತಪ್ಪುತ್ತಾರೆ. ಹೊಳೆಯುವ ಅಲ್ಯೂಮಿನಿಯಂ ವಿಕಿರಣದಿಂದ ಬಿಸಿ ಬಿಡುವುದು ಹತ್ತರಲ್ಲಿ ಒಂದು ಪಾಲೂ ಇಲ್ಲ, ಬಣ್ಣ ಬಳಿದರೆ ಹತ್ತರಲ್ಲಿ ಒಂಬತ್ತು. ಈ ಮಟ್ಟದ ಶಾಖದಲ್ಲಿ ಹೊರಹೋಗುವ ಬಿಸಿಯ ಅರ್ಧ ವಿಕಿರಣದಿಂದಲೇ. ಅದಕ್ಕೆ ಕಪ್ಪೇ ಬೇಕಾಗಿಲ್ಲ. ಬಿಳಿ ಎನಾಮೆಲ್ ಕೂಡ ಅಷ್ಟೇ ಬಿಡುತ್ತದೆ. ನೆರಳು ಮರವಿಲ್ಲದ ಜಾಗದಲ್ಲಿ ಮಾರ್ಚ್ ಬಿಸಿಲು ನೇರ ಬಿದ್ದರೆ ಕಪ್ಪು ಪ್ಲೇಟು 8-9 ವ್ಯಾಟ್ ಹೀರುತ್ತದೆ. ನಿಮ್ಮ ಇಡೀ ಕಂಪ್ಯೂಟರಿನ ಆರು ಪಟ್ಟು. ತೆಳುವಾಗಿ ಬಿಳಿ ಬಳಿಯಿರಿ.

ಮೈಯ ಬದಿಗೆ ಬಿಸಿ ಬರಬಾರದು. ತಳಕ್ಕೆ 3 ಮಿ.ಮೀ. ಕಾರ್ಕ್ ಹಾಳೆ, ಅದರ ಹೊರಗೆ ಶಾಲಾ ಬ್ಯಾಗಿನ ಬೆನ್ನಿಗೆ ಇರುವಂಥ ಬಲೆ ಪ್ಯಾಡ್ 8 ಮಿ.ಮೀ. ಪೆಟ್ಟಿಗೆ ಪಿಇಟಿಜಿ ಅಥವಾ ಎಎಸ್‌ಎಯಲ್ಲಿ (ಪಿಎಲ್‌ಎಗಿಂತ ಹೆಚ್ಚು ಶಾಖ ತಡೆಯುವ ಪ್ಲಾಸ್ಟಿಕ್) ಮತ್ತೆ ಮುದ್ರಿಸಿ. ಬಿಸಿ ಮೇಲ್ಮೈ ಮುಟ್ಟುವುದರ ಮಾನದಂಡ ಐಎಸ್‌ಒ 13732-1 ಪ್ರಕಾರ ಎಂಟು ಗಂಟೆ ತಾಗಿರುವ ವಸ್ತುವಿಗೆ 43°ಸೆ ಮಿತಿ, 10 ನಿಮಿಷಕ್ಕೆ 48. ಸುಡುವುದಿಲ್ಲವಲ್ಲ ಎಂದು 44-45ರಲ್ಲಿ ದಿನವೂ ಕಟ್ಟಿಕೊಂಡರೆ ತೊಗಲಿನ ಮೇಲೆ ಬಲೆಯಂತೆ ಕಂದು ಗೆರೆ ಮೂಡುತ್ತದೆ, ವರ್ಷಾನುಗಟ್ಟಲೆ ಹೋಗದಿರಬಹುದು. ಕೈಯಿಂದ ಮುಟ್ಟಿ ನೋಡಿ ತೀರ್ಮಾನಿಸಬೇಡಿ.

ಒಂಟಿತಂತಿ (ವಿರಾಜಪೇಟೆ)

ಶಾಖಲೆಕ್ಕ ಸರ್, ಮೈಗೆ ತಾಗಿಸಿದರೇ ಒಳ್ಳೆಯದಲ್ಲವೇ? 1999ರಲ್ಲೇ ಅಮೆರಿಕದ ಎಂಐಟಿಯಲ್ಲಿ ಮೈಗೆ ಕಟ್ಟುವ ಕಂಪ್ಯೂಟರುಗಳ ಸಂಶೋಧಕ ಥ್ಯಾಡ್ ಸ್ಟಾರ್ನರ್ ಅವರು ಮುಂಗೈಗೆ ಕಟ್ಟುವ ಕಂಪ್ಯೂಟರಿನ ಬಿಸಿಯನ್ನು ರಕ್ತಸಂಚಾರಕ್ಕೆ ಕೊಡಬಹುದೆಂದು ಲೆಕ್ಕ ಹಾಕಿದ್ದರು. ರಕ್ತ ಒಯ್ಯುವಷ್ಟು ಬಿಸಿಯನ್ನು ಪ್ಲೇಟು ಒಯ್ಯುವುದಿಲ್ಲ.

ಶಾಖಲೆಕ್ಕ

ಲೆಕ್ಕ ಸರಿ, ಆದರೆ ಅದು ಮುಂಗೈ, ತೊಗಲಿಗೆ ಅಂಟಿಕೊಂಡ ಅಗಲವಾದ ತಳ. ಇಲ್ಲಿ ಸೊಂಟ, ನಡುವೆ ಅಂಗಿ, ಬೆವರು, ಮಳೆ. ಬಾಗಿದಾಗ ಒಂದು ಮೂಲೆ ಒತ್ತಿ ಇನ್ನೊಂದು ಎದ್ದು ನಿಲ್ಲುತ್ತದೆ, ಒತ್ತಿದ ಕಡೆ ರಕ್ತಸಂಚಾರವೂ ಕಡಿಮೆ. ಅದೇ ಮೂಲೆ ಸುಡುತ್ತದೆ. ಜೊತೆಗೆ ಟ್ರೇಸಿಂಗ್ ಮಾಡುವವರ ಮೈ ಮೊದಲೇ ಕಾದಿರುತ್ತದೆ, ಅವರ ಮೇಲೆ ಇನ್ನಷ್ಟು ಹೊರೆ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಒಂಟಿತಂತಿ

ಒಪ್ಪಿದೆ. ಬ್ಯಾಟರಿ ವಿಷಯ ಯಾರೂ ಎತ್ತಲಿಲ್ಲ, ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಅದರದ್ದು.

18650 ಸೆಲ್ 60°ಸೆ ವರೆಗೆ ಕರೆಂಟ್ ಕೊಡಬಹುದು, ಆದರೆ ಚಾರ್ಜ್ ಮಾಡುವಾಗ 45 ದಾಟಬಾರದು. ಟಿಪಿ4056 ಲೀನಿಯರ್ ಚಾರ್ಜರ್: 5 ವೋಲ್ಟ್ ಒಳಗೆ, ಸೆಲ್ 3.5 ವೋಲ್ಟ್‌ನಲ್ಲಿ, 1 ಆಂಪಿಯರ್ ಹರಿದರೆ ಒಂದೂವರೆ ವ್ಯಾಟ್ ಬಿಸಿಯಾಗಿಯೇ ಹೋಗುತ್ತದೆ. ಆ ಬಿಸಿ ನೇರ ಪಕ್ಕದ ಸೆಲ್ಲಿಗೆ. ಇನ್ನೂ ಕೆಟ್ಟದ್ದೇನೆಂದರೆ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಮಾಡ್ಯೂಲಿನಲ್ಲಿ ಶಾಖ ಅಳೆಯುವ 1ನೇ ಪಿನ್ ಗ್ರೌಂಡ್‌ಗೆ (ಮೈನಸ್‌ಗೆ) ಬೆಸೆದಿರುತ್ತದೆ. ಅಂದರೆ ಸೆಲ್ ಎಷ್ಟು ಕಾದರೂ ಚಾರ್ಜರ್‌ಗೆ ಗೊತ್ತಾಗುವುದೇ ಇಲ್ಲ. ಜೊತೆಗಿರುವ ಡಿಡಬ್ಲ್ಯು01 ಕಾವಲು ಚಿಪ್ ವೋಲ್ಟೇಜ್, ಕರೆಂಟ್ ಕಾಯುತ್ತದೆ, ಶಾಖವನ್ನಲ್ಲ.

ಸೆಲ್ ಬೇರೆ ಪೆಟ್ಟಿಗೆಯಲ್ಲಿ, ಬೆಲ್ಟಿನ ಇನ್ನೊಂದು ಬದಿಗೆ ಹೋಗಲಿ. ನಡುವಿನ ತಂತಿ 20 ಗೇಜ್, ಸೆಲ್ಲಿನ ಪಕ್ಕದಲ್ಲೇ 3 ಆಂಪಿಯರ್ ಫ್ಯೂಸ್. ಚಾರ್ಜರ್‌ನ 1.2 ಕಿಲೋ ಓಮ್ ರೆಸಿಸ್ಟರ್ ತೆಗೆದು 2 ಕಿಲೋ ಓಮ್ ಹಾಕಿದರೆ ಕರೆಂಟ್ 1000ದಿಂದ 580 ಮಿಲಿ ಆಂಪಿಯರ್‌ಗೆ ಇಳಿಯುತ್ತದೆ. ತುಂಬಲು ಹತ್ತು ಗಂಟೆ ಹಿಡಿಯುತ್ತದೆ, ರಾತ್ರಿಯಿಡೀ ಇದೆಯಲ್ಲ. ಚಾರ್ಜ್ ಮಾಡುವಾಗ ಪೈ ಆಫ್ ಇರಲಿ. ಓಡುತ್ತಿದ್ದರೆ ಆ ಕರೆಂಟನ್ನು ಚಾರ್ಜರ್ ಸೆಲ್ಲಿನದೇ ಅಂದುಕೊಂಡು ಚಾರ್ಜ್ ನಿಲ್ಲಿಸುವುದೇ ಇಲ್ಲ.

ನನ್ನ ಸಲಹೆ ಕೇಳಿದರೆ ಸೆಲ್, ಚಾರ್ಜರ್, ಬೂಸ್ಟ್ ಮೂರನ್ನೂ ಬಿಟ್ಟು ಬಿಐಎಸ್ ಗುರುತಿನ 10000 ಎಂಎಎಚ್ ಪವರ್‌ಬ್ಯಾಂಕ್ ಒಂದನ್ನು ಇನ್ನೊಂದು ಬದಿಗೆ ಹಾಕಿ. 37 ವ್ಯಾಟ್-ಗಂಟೆ, ನಷ್ಟ ಕಳೆದು 31. ಒಂದೂವರೆ ವ್ಯಾಟ್‌ಗೆ ಎರಡು ದಿನದ ಕೆಲಸ ಬರುತ್ತದೆ. ಬೂಸ್ಟ್ ನಷ್ಟದ ಬಿಸಿಯೂ ಪೈ ಪೆಟ್ಟಿಗೆಯಿಂದ ಹೊರಗೆ ಹೋಯಿತು. ಕೆಲವು ಪವರ್‌ಬ್ಯಾಂಕ್ ಕಡಿಮೆ ಕರೆಂಟಿಗೆ ತಾನಾಗಿ ಆಫ್ ಆಗುತ್ತವೆ, ಪೈ ಸುಮ್ಮನಿರುವಾಗ ಅರ್ಧ ಗಂಟೆ ಇಟ್ಟು ಪರೀಕ್ಷಿಸಿ ಕೊಳ್ಳಿ.

ಇನ್ನೊಂದು: ಆನೆ ಓಡಾಡುವ ತೋಟದಲ್ಲಿ ಎರಡೂ ಕಿವಿಗೆ ಇಯರ್‌ಫೋನ್ ಹಾಕಬೇಡಿ. ಒಂದೇ ಕಿವಿ, ದನಿ ಕಡಿಮೆ.

ಮಳೆಮಾಪಕ (ಭಾಗಮಂಡಲ)

ಸಿಲಿಕಾನ್ ಬಳಿದು ಮುಚ್ಚಿದರೆ ನೀರು ಬರುವುದಿಲ್ಲ ಅನ್ನುವುದು ಇಲ್ಲಿ ನಿಲ್ಲುವುದಿಲ್ಲ. ಪೆಟ್ಟಿಗೆಯೊಳಗಿನ ಗಾಳಿ 20ರಿಂದ 50°ಸೆಗೆ ಕಾದರೆ ಹತ್ತನೇ ಒಂದು ಪಾಲು ಹಿಗ್ಗಿ ಸಂದುಗಳಲ್ಲಿ ಹೊರಹೋಗುತ್ತದೆ. ಆಫ್ ಮಾಡಿದಾಗ ಅಷ್ಟೇ ಗಾಳಿಯನ್ನು ಒಳಗೆ ಎಳೆಯುತ್ತದೆ, ಸಂದಿನ ಮೇಲೆ ನಿಂತ ನೀರಿನ ಸಮೇತ. 300 ಮಿ.ಲೀ. ಗಾಳಿಯಲ್ಲಿ ಮೊದಲಿಗೆ ಸಿಕ್ಕಿಕೊಂಡ ತೇವ ಏಳು ಮಿಲಿಗ್ರಾಂ ಕೂಡ ಇಲ್ಲ; ಬೋರ್ಡ್ ಹಾಳು ಮಾಡುವುದು ದಿನಕ್ಕೆ ಹತ್ತು ಸಲದ ಈ ಉಸಿರಾಟ. ಬಿಸಿ ಕಡಿಮೆ ಮಾಡಿದಷ್ಟೂ ತೇವವೂ ಕಡಿಮೆ, ಎರಡೂ ಒಂದೇ ರೋಗ.

ಪೆಟ್ಟಿಗೆಯ ತಳದಂಚಿನಲ್ಲಿ ಒಂದು ಪಿಟಿಎಫ್‌ಇ (ಟೆಫ್ಲಾನ್) ಪೊರೆಯ ವೆಂಟ್ ಹಾಕಿ. ಗಾಳಿ ಆಡುತ್ತದೆ, ನೀರಿನ ಹನಿ ಒಳಬರುವುದಿಲ್ಲ. ಪ್ಲೇಟು ಮತ್ತು ಪೆಟ್ಟಿಗೆ ನಡುವೆ ಗಟ್ಟಿ ಅಂಟು ಬೇಡ, 2 ಮಿ.ಮೀ. ಸಿಲಿಕಾನ್ ಹುರಿ ಗ್ಯಾಸ್ಕೆಟ್ ಇರಲಿ. ಲೋಹ ಮತ್ತು ಪ್ಲಾಸ್ಟಿಕ್ ಬೇರೆ ಬೇರೆ ಹಿಗ್ಗುವುದರಿಂದ ಗಟ್ಟಿ ಅಂಟು ಬಿಟ್ಟುಕೊಳ್ಳುತ್ತದೆ. ತಂತಿಗಳು ಪಿಜಿ7 ಗ್ಲ್ಯಾಂಡಿನಲ್ಲಿ (ತಂತಿಯ ಸುತ್ತ ಬಿಗಿಯುವ ನೀರುತಡೆ ಬಿರಡೆ) ಕೆಳಗಿನಿಂದಲೇ ಒಳಹೋಗಲಿ, ಹೋಗುವ ಮೊದಲು ಕೆಳಮುಖವಾಗಿ ಒಂದು ಬಾಗು ಇರಲಿ, ಹನಿ ಅಲ್ಲಿಂದಲೇ ತೊಟ್ಟಿಕ್ಕುತ್ತದೆ.

ಬೋರ್ಡಿಗೆ ಕನ್ಫಾರ್ಮಲ್ ಕೋಟಿಂಗ್ (ತೇವ ತಡೆಯುವ ಲೇಪ) ಎರಡು ತೆಳು ಪದರ. ಮೊದಲೇ ಕ್ಯಾಮೆರಾ ಕನೆಕ್ಟರ್, ಎಸ್‌ಡಿ ಕಾರ್ಡ್ ಸಂದು, ಯುಎಸ್‌ಬಿ, ಚಿಪ್ಪಿನ ತಲೆ ಇಷ್ಟಕ್ಕೂ ಟೇಪ್ ಹಚ್ಚಿ. ಚಿಪ್ಪಿನ ತಲೆಯ ಮೇಲೆ ಕೋಟಿಂಗ್ ಬಿದ್ದರೆ ಪ್ಯಾಡ್ ಸರಿಯಾಗಿ ಕೂರುವುದಿಲ್ಲ. ಕಿತ್ತಳೆ ಬಣ್ಣದ ಸಿಲಿಕಾ ಜೆಲ್ 5 ಗ್ರಾಂ ಒಳಗಿಡಿ, ಹಸಿರಾದರೆ 110-120°ಸೆ ಓವನ್‌ನಲ್ಲಿ ಎರಡು-ಮೂರು ಗಂಟೆ ಒಣಗಿಸಿ ಮತ್ತೆ ಬಳಸಿ. ಚರ್ಮದ ಬೆಲ್ಟ್ ಬೇಡ, ಜುಲೈಗೆ ಬೂಷ್ಟು ಹಿಡಿಯುತ್ತದೆ. ನೈಲಾನ್ ಪಟ್ಟಿ ಸಾಕು.

ಸಂಜೆ ಬಂದು ಬಟ್ಟೆಯ ಜೊತೆ ಪೆಟ್ಟಿಗೆಯನ್ನೂ ಒಲೆಯ ಮೇಲಿನ ಅಟ್ಟಕ್ಕೆ ಹಾಕುವ ಅಭ್ಯಾಸ ಖಂಡಿತ ಬೇಡ. ತಣ್ಣಗಿನ ಪ್ಲೇಟಿನ ಮೇಲೆ ಅಡುಗೆಮನೆಯ ಬೆಚ್ಚನೆ ಆವಿ ತಕ್ಷಣ ಹನಿಯಾಗುತ್ತದೆ, ಆಮೇಲೆ ಸೆಲ್ ಬಿಸಿಯಾಗುತ್ತದೆ. ಒರೆಸಿ, ಮುಚ್ಚಿದಂತೆಯೇ ಕೋಣೆಯಲ್ಲಿ ಒಂದು ಗಂಟೆ ಬಿಟ್ಟು ಆಮೇಲೆ ತೆರೆಯಿರಿ.

ಹಾಲುವಾಣ

ಎಲ್ಲರಿಗೂ ಧನ್ಯವಾದ. ಪವರ್‌ಬ್ಯಾಂಕ್ ಮತ್ತು ಪ್ಲೇಟು, ಎರಡಕ್ಕೂ ಮನಸ್ಸು ಮಾಡಿದೆ. ತೋಟಕ್ಕೆ ಕೊಡುವ ಮೊದಲು ಮನೆಯಲ್ಲೇ ಪರೀಕ್ಷಿಸುವುದು ಹೇಗೆ? ಹತ್ತು ನಿಮಿಷ ಪೂರ್ತಿ ಲೋಡ್ ಕೊಟ್ಟು ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ ಸಾಕೇ?

ಶಾಖಲೆಕ್ಕ

ಹತ್ತು ನಿಮಿಷ ಸಾಲದು. ಆ ಪ್ಲೇಟು 50 ಗ್ರಾಂ ಮೇಲಿದೆ, ಒಳಗಿನದೆಲ್ಲ ಸೇರಿ ಒಂದು ಡಿಗ್ರಿ ಏರಲು ಸುಮಾರು 100 ಜೂಲ್ ಬೇಕು. ಪ್ರತಿ ವ್ಯಾಟ್‌ಗೆ 10 ಡಿಗ್ರಿ ಏರುವ ಪೆಟ್ಟಿಗೆಗೆ ಕಾಲಮಾನ (ಒಟ್ಟು ಏರಿಕೆಯ ಮೂರನೇ ಎರಡು ಪಾಲಿನಷ್ಟು ಏರಲು ಹಿಡಿಯುವ ಹೊತ್ತು) ಸುಮಾರು 17 ನಿಮಿಷ, ಅದರ ಮೂರು ಪಟ್ಟು ಕಾದರೆ ಮಾತ್ರ ನಿಜವಾದ ಶಾಖ ಕಾಣುತ್ತದೆ. ನಿಮ್ಮ ತೊಂದರೆ 40 ನಿಮಿಷಕ್ಕೆ ಕಾಣಿಸಿಕೊಂಡದ್ದೂ ಅದಕ್ಕೇ. ಕೊಪ್ಪೆ ಹೊದಿಸಿ, ಒಂದು ಗಂಟೆ ಓಡಿಸಿ. ಮರೆತು ಕೊಪ್ಪೆಯೊಳಗೆ ಕಟ್ಟಿಕೊಂಡವರ ಸ್ಥಿತಿ ಅದೇ.

ಶಾಖ ಅಳೆಯುವ ಡಿಎಸ್18ಬಿ20 ಸೆನ್ಸರ್ ಮೂರು ಹಾಕಿ: ಪ್ಲೇಟಿನ ಒಳಬದಿ, ಮೈ ಬದಿಯ ಕಾರ್ಕಿನ ಹೊರಮೈ, ಪವರ್‌ಬ್ಯಾಂಕ್. ಮೂರೂ ಒಂದೇ ತಂತಿಯಲ್ಲಿ ಜಿಪಿಐಒ 4ಕ್ಕೆ, 3.3 ವೋಲ್ಟ್‌ಗೆ 4.7 ಕಿಲೋ ಓಮ್. 30 ಸೆಕೆಂಡಿಗೊಮ್ಮೆ ಬರೆದಿಡಲಿ. ಮೈ ಬದಿ 41 ತಲುಪಿದರೆ ಇಯರ್‌ಫೋನಿನಲ್ಲಿ ಎಚ್ಚರಿಕೆ, ಕ್ಯಾಮೆರಾ ಬಂದ್. 43ಕ್ಕೆ ಪೈ ತಾನಾಗಿ ಶಟ್‌ಡೌನ್. ಸೆನ್ಸರಿನ ತಪ್ಪು ಅರ್ಧ ಡಿಗ್ರಿ ಇರುವುದರಿಂದ ಮಿತಿಯನ್ನು 42.5 ಎಂದೇ ಬರೆಯಿರಿ.

ಇನ್‌ಫ್ರಾರೆಡ್ ಥರ್ಮಾಮೀಟರ್ ಬಿಳಿ ಬಳಿದ ಮೇಲೆ ಸರಿಯಾಗಿ ಓದುತ್ತದೆ. ಬರಿ ಅಲ್ಯೂಮಿನಿಯಂಗೆ ಹಿಡಿದರೆ 50 ಇದ್ದದ್ದನ್ನು 25 ಎಂದು ತೋರಿಸಬಹುದು, ಎದುರಿನ ಗೋಡೆಯ ಶಾಖವನ್ನೇ ಅದು ಪ್ರತಿಫಲಿಸುತ್ತದೆ. ಬಣ್ಣಕ್ಕೆ ಮೊದಲು ಅಳೆಯಬೇಕಿದ್ದರೆ ಕರಿ ಇನ್ಸುಲೇಶನ್ ಟೇಪಿನ ಒಂದು ತುಂಡು ಅಂಟಿಸಿ, ಎರಡು ನಿಮಿಷ ಬಿಟ್ಟು, ಟೇಪಿನ ಮೇಲೆ ಹಿಡಿಯಿರಿ.